ಗರ್ಭಪಾತದ ಕರಪತ್ರ: ನಾನು ಫಾರ್ವರ್ಡ್ ಮಾಡಿದ್ದರಲ್ಲಿ ತಪ್ಪಿದೆ

ಕಲಬುರಗಿಯ ನಮ್ಮ ಕ್ಯಾಂಪಸ್ಸಿನಲ್ಲಿ ಗರ್ಭಪಾತ ವಿರೋಧಿಸುವ ಕೆಲವರು ಹಂಚಿದ ಕರಪತ್ರದ ಫೋಟೊವನ್ನು ಮೊನ್ನೆ ನಾನೇ ಹಾಸ್ಟೆಲ್ ಗ್ರೂಪಿಗೆ ಹಾಕಿದ್ದೆ. 'ಭಾರತದಲ್ಲಿ ಗರ್ಭಪಾತ ಅಪರಾಧ, ಗಂಡನ ಸಹಿ ಬೇಕೇ ಬೇಕು, ಮದುವೆಯಾಗದವರಿಗೆ ಅವಕಾಶವಿಲ್ಲ' ಎಂದು ಅದರಲ್ಲಿತ್ತು. ಓದಿ ನೋಡದೆ ಕಳಿಸಿದ್ದು ನನ್ನ ತಪ್ಪು. ಈ ಮೂರೂ ಮಾತು ಸರಿಯಲ್ಲ.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, ಕಾನೂನು ಹೇಳಿದ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. 20ರಿಂದ 24 ವಾರದವರೆಗೆ ಕೆಲವು ವರ್ಗದವರಿಗೆ ಮಾತ್ರ, ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಹಾಗಂತ ಯಾರು, ಎಲ್ಲಿ ಬೇಕಾದರೂ ಮಾಡಬಹುದು ಅಂತಲ್ಲ. ಕಾಯ್ದೆಯ ಹೊರಗೆ ಮಾಡಿದರೆ ಅಪರಾಧವೇ. 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು, ಗಂಡನದೂ ಅಪ್ಪನದೂ ಬೇಡ. ಅಪ್ರಾಪ್ತೆಯಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗರ್ಭನಿರೋಧಕ ವಿಫಲವಾದ ಸಂದರ್ಭದ ಬಗ್ಗೆ ಹಳೆಯ ಕಾಯ್ದೆಯಲ್ಲಿ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಎಂದಿತ್ತು, 2021ರಲ್ಲಿ ಅದು 'ಮಹಿಳೆ ಅಥವಾ ಆಕೆಯ ಸಂಗಾತಿ' ಆಯಿತು. 20–24 ವಾರದ ಅವಕಾಶ ಅವಿವಾಹಿತರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.

ಗೊಂದಲಕ್ಕೆ ಸ್ಕ್ಯಾನಿಂಗ್ ಸೆಂಟರಿನ ಬೋರ್ಡೂ ಕಾರಣವಿರಬಹುದು. ಅಲ್ಲಿ ಬರೆದಿರುವುದು ಭ್ರೂಣಲಿಂಗ ಪತ್ತೆ ಅಪರಾಧ ಎಂದು; ಅದು 1994ರ ಬೇರೆಯೇ ಕಾಯ್ದೆ.

ಗರ್ಭಪಾತ ಬೇಡ ಎನ್ನುವುದು ಅವರವರ ನಂಬಿಕೆ, ಅದನ್ನು ಹೇಳಲಿ. ನನ್ನ ತಕರಾರು ಕಾನೂನಿನ ಸಾಲುಗಳಿಗಷ್ಟೇ. ಆ ಫೋಟೊ ಇನ್ನು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಇದನ್ನೂ ಅಲ್ಲೇ ಹಾಕಿ.