ಬಹುಮಾನ ಬಂದಿದ್ದು ಲಿಂಕನ್ ಬರೆಯದ ಪತ್ರಕ್ಕೆ

ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದುಬಿಟ್ಟರೆ ಇಳಿಯಬಹುದೇನೋ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಇತಿಹಾಸದ ಪಾಠ ಬಿಟ್ಟು ನಾಲ್ಕು ವರ್ಷ ಆದರೂ ಭಾಷಣ ಸ್ಪರ್ಧೆಗೆ ತೀರ್ಪು ಕೊಡಲು ಕರೆದರೆ ನಾನು ಇಲ್ಲ ಅನ್ನುವುದಿಲ್ಲ, ನಿಮಗೆ ಗೊತ್ತಲ್ಲ. ಈ ಸಲ ಪಿಯುಸಿ ಮಕ್ಕಳು. ವಿಷಯ, ‘ಅಬ್ರಹಾಂ ಲಿಂಕನ್ ಮತ್ತು ಶಾಂತಿ’. ಒಬ್ಬೊಬ್ಬರಿಗೆ ಐದು ನಿಮಿಷ. ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಅನ್ನುವ ಪತ್ರವನ್ನು ಬಾಯಿಪಾಠ ಒಪ್ಪಿಸಿದ ಹುಡುಗನಿಗೆ ಮೊದಲ ಬಹುಮಾನ ಬಂತು. ಹುಡುಗ ಚೆನ್ನಾಗಿ ಒಪ್ಪಿಸಿದ, ಅವನ ಮೇಲೆ ನನಗೆ ಬೇಸರವಿಲ್ಲ. ಆದರೆ ಆ ಪತ್ರ ಲಿಂಕನ್ ಬರೆದದ್ದು ಅನ್ನುವುದಕ್ಕೆ ಒಂದು ಚೂರೂ ಆಧಾರ ಇಲ್ಲ. ಪ್ರತಿ ಸೆಪ್ಟೆಂಬರ್ 5ಕ್ಕೆ ವಾಟ್ಸಾಪ್‌ನಲ್ಲಿ ಬರುತ್ತದೆ, ಗೋಡೆಯ ಮೇಲೆ ಫ್ರೇಮ್ ಹಾಕಿ ತೂಗುಹಾಕುತ್ತೇವೆ, ಅಷ್ಟೇ.

ಎರಡು ಜಡೆ ಹಾಕಿಕೊಂಡಿದ್ದ ಒಬ್ಬ ಹುಡುಗಿ ಮಾತ್ರ ಬೇರೆ ದಾರಿ ಹಿಡಿದಳು. ಅಂಗೈ ಮೇಲೆ ನೀಲಿ ಪೆನ್ನಿನಲ್ಲಿ ಇಸವಿಗಳನ್ನು ಬರೆದುಕೊಂಡಿದ್ದಳು. ಬೆವರಿಗೆ ಅರ್ಧ ಅಳಿಸಿತ್ತು. ಅವಳು ಮಾತಾಡಿದ್ದು 1864ರ ಬೇಸಿಗೆಯ ಬಗ್ಗೆ. ಲಿಂಕನ್‌ಗೆ ಶಾಂತಿ ಬೇಕಿತ್ತು, ಆದರೆ ಎಂಥ ಶಾಂತಿಗೆ ಆತ ಒಪ್ಪಲಿಲ್ಲ ಅನ್ನುವುದು ಅವಳ ಮಾತಿನ ತಿರುಳು. ನನ್ನ ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರರು ಅವಳ ಹಾಳೆಯ ಮೇಲೆ ‘ವಿಷಯಾಂತರ’ ಅಂತ ಬರೆದರು. "ಶಾಂತಿ ಬೇಡ ಅಂದ ಕಥೆ ಹೇಳ್ತಿದಾಳಲ್ಲ ಸರ್, ವಿಷಯ ಶಾಂತಿ ಅಲ್ವಾ?" ಅಂದರು.

ನನ್ನ ಹೊಟ್ಟೆ ಉರಿದದ್ದು ಅಲ್ಲಿ.

ಆ ಬೇಸಿಗೆ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಲು ಹೊರಟ ದಕ್ಷಿಣದ ರಾಜ್ಯಗಳಿಗೂ ಅಧ್ಯಕ್ಷ ಲಿಂಕನ್ ಕಡೆಯ ಉತ್ತರದವರಿಗೂ ಯುದ್ಧ ಶುರುವಾಗಿ ಮೂರು ವರ್ಷ ದಾಟಿತ್ತು. ವರ್ಜೀನಿಯಾದಲ್ಲಿ ಉತ್ತರದ ಸೇನಾಪತಿ ಗ್ರಾಂಟ್‌ನ ಸೈನ್ಯ ಮೇ ತಿಂಗಳಿಂದ ಸಾವಿರಗಟ್ಟಲೆ ಜನರನ್ನು ಕಳೆದುಕೊಂಡು ಪೀಟರ್ಸ್‌ಬರ್ಗ್ ಮುಂದೆ ನಿಂತುಬಿಟ್ಟಿತ್ತು. ದಕ್ಷಿಣದ ಮುಖ್ಯ ಪಟ್ಟಣ ಅಟ್ಲಾಂಟಾ ಕೈಗೆ ಸಿಕ್ಕಿರಲಿಲ್ಲ. ನವೆಂಬರ್‌ನಲ್ಲಿ ಚುನಾವಣೆ. ಲಿಂಕನ್ ಸೋಲುತ್ತಾನೆ ಅಂತ ಅವನ ಪಕ್ಷದವರೇ ಹೇಳುತ್ತಿದ್ದರು. ನ್ಯೂಯಾರ್ಕ್‌ನ ದೊಡ್ಡ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿ, ದೇಶ ರಕ್ತ ಸುರಿಸುತ್ತಿದೆ, ದಿವಾಳಿಯಾಗಿದೆ, ಸಾಯುವ ಸ್ಥಿತಿಗೆ ಬಂದಿದೆ, ನಯಾಗರದಲ್ಲಿ ದಕ್ಷಿಣದವರು ಕಾದು ಕೂತಿದ್ದಾರೆ, ಮಾತಾಡು ಅಂತ ಪತ್ರ ಬರೆದ. ಲಿಂಕನ್ ಅವನನ್ನೇ ನಯಾಗರಕ್ಕೆ ಕಳಿಸಿದ. ಜುಲೈ 18ರಂದು ಒಂದು ಚೀಟಿಯನ್ನೂ ಬರೆದುಕೊಟ್ಟ. ಅದರ ತಲೆಯ ಮೇಲೆ ಯಾರ ಹೆಸರೂ ಇರಲಿಲ್ಲ, ‘ಸಂಬಂಧಪಟ್ಟವರಿಗೆ’ ಅಂತ ಮಾತ್ರ. ಒಳಗಿನ ಮಾತು ಇಷ್ಟು: ಯುದ್ಧ ನಿಲ್ಲಬೇಕು, ದೇಶ ಒಂದಾಗಬೇಕು, ಗುಲಾಮಗಿರಿ ಬಿಡಬೇಕು. ಇಷ್ಟಿದ್ದರೆ ಬನ್ನಿ, ಬೇರೆ ಯಾವ ವಿಷಯದಲ್ಲೂ ಧಾರಾಳವಾಗಿರುತ್ತೇನೆ.

ಆ ಮೂರನೆಯ ಮಾತು ಊರೆಲ್ಲ ಬೆಂಕಿ ಹಚ್ಚಿತು. ಕರಿಯರಿಗಾಗಿ ನಮ್ಮ ಮಕ್ಕಳು ಯಾಕೆ ಸಾಯಬೇಕು ಅಂತ ಉತ್ತರದ ಬಿಳಿಯರು ಕೂಗಿದರು. ಆ ಒಂದು ಮಾತನ್ನು ಕೈಬಿಡು, ಚುನಾವಣೆ ಉಳಿಯುತ್ತದೆ ಅನ್ನುವ ಒತ್ತಡ ದಿನದಿನಕ್ಕೆ ಜಾಸ್ತಿಯಾಯಿತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಲಿಂಕನ್ ಕೈಯೂ ಒಮ್ಮೆ ನಡುಗಿತು. ಆಗಸ್ಟ್‌ನಲ್ಲಿ ಆತ ಚಾರ್ಲ್ಸ್ ರಾಬಿನ್ಸನ್ ಅನ್ನುವ ಸಂಪಾದಕನಿಗೆ ಒಂದು ಪತ್ರದ ಕರಡು ಬರೆದ. ಗುಲಾಮಗಿರಿಯ ಮಾತೆತ್ತದೆ ದಕ್ಷಿಣದವರು ಒಂದಾಗಲು ಬಂದರೆ ಏನು ಮಾಡುತ್ತೇನೆ ಅಂತ ಪರೀಕ್ಷಿಸಿ ನೋಡಲಿ ಅನ್ನುವ ಅರ್ಥದ ಸಾಲಿನಿಂದ ಅದು ಮುಗಿಯುತ್ತಿತ್ತು. ಬಾಗಿಲು ಸ್ವಲ್ಪ ತೆರೆದ ಹಾಗೆ. ಆಗಸ್ಟ್ 19ರಂದು ಫ್ರೆಡೆರಿಕ್ ಡಗ್ಲಾಸ್ ಭೇಟಿಗೆ ಬಂದಾಗ ಆ ಕರಡನ್ನು ಅವನ ಮುಂದಿಟ್ಟ. ಡಗ್ಲಾಸ್ ಯಾರು? ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ದೇಶ ಕಿವಿಗೊಟ್ಟು ಕೇಳುವ ಹಾಗೆ ಮಾತಾಡಿದವನು. ಇದನ್ನು ಕಳಿಸಬೇಡಿ ಅಂದ. ಲಿಂಕನ್ ಕಳಿಸಲಿಲ್ಲ. ಅದೇ ದಿನ ಭೇಟಿಗೆ ಬಂದ ಇನ್ನಿಬ್ಬರಿಗೆ, ಪೋರ್ಟ್ ಹಡ್ಸನ್ ಮತ್ತು ಒಲಸ್ಟಿಯಲ್ಲಿ ಹೋರಾಡಿದ ಕರಿಯ ಸೈನಿಕರನ್ನು ಮತ್ತೆ ಗುಲಾಮರನ್ನಾಗಿ ಮಾಡಿದರೆ ಈ ಕಾಲದಲ್ಲೂ ಮುಂದೆಯೂ ನನಗೆ ನರಕವೇ ಗತಿ ಅನ್ನುವ ಅರ್ಥದಲ್ಲಿ ಹೇಳಿದ.

ನಾಲ್ಕು ದಿನ ಬಿಟ್ಟು, ಆಗಸ್ಟ್ 23ರಂದು, ಒಂದು ಹಾಳೆಯಲ್ಲಿ ಕೆಲವೇ ಸಾಲು ಬರೆದ. ಈ ಸರ್ಕಾರ ಮತ್ತೆ ಗೆಲ್ಲುವುದಿಲ್ಲ ಅಂತ ಬಹುಮಟ್ಟಿಗೆ ಕಾಣುತ್ತಿದೆ, ಹಾಗಾದರೆ ಗೆದ್ದವನ ಜೊತೆ ಸೇರಿ ಅವನು ಅಧಿಕಾರಕ್ಕೆ ಬರುವ ಮೊದಲೇ ದೇಶವನ್ನು ಉಳಿಸುವುದು ನನ್ನ ಕರ್ತವ್ಯ. ಹಾಳೆ ಮಡಚಿ, ಅಂಟಿಸಿ, ಒಳಗೇನಿದೆ ಅಂತ ತೋರಿಸದೆ ಮಂತ್ರಿಗಳಿಂದ ಹಿಂಬದಿಗೆ ಸಹಿ ಹಾಕಿಸಿದ. ಸೋಲುತ್ತೇನೆ ಅಂತ ತನ್ನ ಕೈಯಾರೆ ಬರೆದಿಟ್ಟ ಮನುಷ್ಯ ಆ ಮೂರನೆಯ ಮಾತನ್ನು ಮಾತ್ರ ಬಿಡಲಿಲ್ಲ. ಸೆಪ್ಟೆಂಬರ್ 2ಕ್ಕೆ ಅಟ್ಲಾಂಟಾ ಬಿತ್ತು, ನವೆಂಬರ್‌ನಲ್ಲಿ ಗೆದ್ದ. ಅದು ಆಮೇಲಿನ ಮಾತು. ಆಗಸ್ಟ್‌ನಲ್ಲಿ ಅದು ಅವನಿಗೆ ಗೊತ್ತಿರಲಿಲ್ಲ.

ಆ ಹುಡುಗಿ ಹೇಳಿದ್ದು ಇದನ್ನೇ. ಇದು ವಿಷಯಾಂತರ ಹೇಗಾಗುತ್ತದೆ?

ಕೆಲವರು ಹೇಳುತ್ತಾರೆ, ಇದೇ ಲಿಂಕನ್ 1862ರ ಆಗಸ್ಟ್‌ನಲ್ಲಿ ಇದೇ ಗ್ರೀಲಿಗೆ, ಒಬ್ಬ ಗುಲಾಮನನ್ನೂ ಬಿಡಿಸದೆ ದೇಶ ಉಳಿಸಲು ಆದರೆ ಹಾಗೇ ಮಾಡುತ್ತೇನೆ ಅಂತ ಬರೆದಿದ್ದನಲ್ಲ ಎಂದು. ಬರೆದಿದ್ದ, ನಿಜ. ಆ ಎರಡು ವರ್ಷದಲ್ಲಿ ಏನಾಯಿತು ನೋಡಿ. 1863ರ ಜನವರಿ 1ಕ್ಕೆ ದಂಗೆಯೆದ್ದ ದಕ್ಷಿಣದ ಗುಲಾಮರು ಇನ್ನು ಸ್ವತಂತ್ರರು ಅನ್ನುವ ಲಿಂಕನ್‌ನ ವಿಮೋಚನೆಯ ಘೋಷಣೆ ಬಂತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕರಿಯರು ಸೈನ್ಯ ಸೇರಿದ್ದರು. ಒಮ್ಮೆ ಮಾತು ಕೊಟ್ಟ ಮೇಲೆ, ಆ ಮಾತನ್ನು ನಂಬಿ ಜನ ಜೀವ ಕೊಟ್ಟ ಮೇಲೆ, ಹಳೆಯ ಲೆಕ್ಕಕ್ಕೆ ಹೋಗಲು ಬರುವುದಿಲ್ಲ. ಇನ್ನು ಆಗಲೇ ರಾಜಿ ಆಗಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಅನ್ನುವವರಿದ್ದಾರೆ. ಆರು ಲಕ್ಷಕ್ಕಿಂತ ಜಾಸ್ತಿ ಸೈನಿಕರು ಸತ್ತ ಯುದ್ಧ ಅದು, ಈ ಮಾತು ನನಗೂ ಚುಚ್ಚುತ್ತದೆ. ಆದರೆ ದಕ್ಷಿಣದವರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಆ ಜುಲೈನಲ್ಲೇ, ನಮಗೆ ಬೇರೆ ದೇಶ ಬೇಕು, ಇಲ್ಲವೇ ನಾವು ನಾಶವಾಗಬೇಕು ಅಂತ ಖಡಾಖಂಡಿತ ಹೇಳಿ ಕಳಿಸಿದ್ದ. ರಾಜಿ ಅನ್ನುವುದು ಮೇಜಿನ ಮೇಲೆ ಇರಲೇ ಇಲ್ಲ. ಮತ್ತೆ, ಆ ಉಳಿಯುವ ಜೀವಗಳ ಲೆಕ್ಕದಲ್ಲಿ ಸರಪಳಿಯಲ್ಲಿದ್ದ ಸುಮಾರು 40 ಲಕ್ಷ ಜನರನ್ನು ಯಾಕೆ ಸೇರಿಸುವುದಿಲ್ಲ?

ಶಾಂತಿಗೆ ಆತ ಎಷ್ಟು ದೂರ ಹೋದ ಅಂತ ನೋಡಿ. 1865ರ ಫೆಬ್ರುವರಿ 3ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ‘ರಿವರ್ ಕ್ವೀನ್’ ಹಡಗಿನ ಮೇಲೆ ಶತ್ರುಪಕ್ಷದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಜೊತೆ ಅಧ್ಯಕ್ಷನೇ ಹೋಗಿ ಕೂತ. ಇಬ್ಬರೂ ಅಮೆರಿಕದ ಸಂಸತ್ತಿನಲ್ಲಿ ಜೊತೆಗಿದ್ದ ಹಳೆಯ ಗೆಳೆಯರು. ತಾಸುಗಟ್ಟಲೆ ಮಾತಾಡಿದರೂ ಮಾತು ಕೂಡಲಿಲ್ಲ. ಸ್ಟೀಫನ್ಸ್ ಮನೆಯ ಹುಡುಗನೊಬ್ಬ ಉತ್ತರದವರ ಸೆರೆಯಲ್ಲಿದ್ದ. ಲಿಂಕನ್ ಅವನನ್ನು ಬಿಡಿಸಿ ಮನೆಗೆ ಕಳಿಸಿದ. ವಾಪಸ್ ಬಂದು, ದಕ್ಷಿಣದವರು ಆಯುಧ ಕೆಳಗಿಟ್ಟರೆ 40 ಕೋಟಿ ಡಾಲರ್ ಪರಿಹಾರ ಕೊಡೋಣ ಅಂತ ಮಂತ್ರಿಗಳ ಮುಂದಿಟ್ಟ. ಒಬ್ಬನೂ ಒಪ್ಪಲಿಲ್ಲ, ಕಾಗದ ಹಾಗೇ ಕಟ್ಟಿಟ್ಟ. ದುಡ್ಡು ಕೊಡಲು ಸಿದ್ಧನಿದ್ದ, ಕ್ಷಮೆ ಕೊಡಲು ಸಿದ್ಧನಿದ್ದ. ಮನುಷ್ಯರನ್ನು ಮಾತ್ರ ಕೊಡಲಿಲ್ಲ.

ನಾನು ಇಷ್ಟು ಬಿಸಿಯಾಗುವುದಕ್ಕೆ ಇನ್ನೊಂದು ಕಾರಣ ಇದೆ. ಹೇಳಿಬಿಡುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಹೊಲದ ಪಾಲು ಬಂತು. ಅಕ್ಕ ತನ್ನ ಪಾಲು ಕೇಳಿದಳು. ಅಣ್ಣ ಮಾತು ಬಿಟ್ಟ, ಅವ್ವ ಊಟ ಬಿಟ್ಟಳು. ನಾನು ಓದಿದವನು, ಮೇಷ್ಟ್ರು, ಎಲ್ಲರೂ ನನ್ನ ಮುಖ ನೋಡಿದರು. "ಹೋಗ್ಲಿ ಬಿಡಕ್ಕ, ಮನೆ ಶಾಂತವಾಗಿರ್ಲಿ, ಸಹಿ ಹಾಕಿಬಿಡು" ಅಂದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಅವಳು ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಆ ಶಾಯಿಯನ್ನು ಸೀರೆಯ ಸೆರಗಿನ ಒಳಗೆ ಒರೆಸಿಕೊಂಡಳು. ನನಗೆ ಕಾಣಬಾರದು ಅಂತ ಇರಬೇಕು. ಮನೆ ಶಾಂತವಾಯಿತು. ಅಕ್ಕ ಹಬ್ಬಕ್ಕೆ ಬರುವುದು ನಿಲ್ಲಿಸಿದಳು. ನನ್ನ ಪಕ್ಕದಲ್ಲಿ ಕೂತು ಅದನ್ನು ಕಳಿಸಬೇಡ ಅನ್ನುವ ಡಗ್ಲಾಸ್ ಅವತ್ತು ಯಾರೂ ಇರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಕ್ಕನೇ ಎದುರಿಗಿದ್ದಳು. ನಾನು ಅವಳನ್ನು ಕೇಳಲಿಲ್ಲ.

ಶನಿವಾರ ಆ ಹಾಳೆಯ ಮೇಲೆ ‘ವಿಷಯಾಂತರ’ ಅಂತ ಓದಿದಾಗ ನನಗೆ ಆ ಶಾಯಿ ಕಣ್ಣಿಗೆ ಕಟ್ಟಿತು.

ನನ್ನ ಹಾಳೆಯಲ್ಲಿ ಅವಳಿಗೆ ಅತಿ ಹೆಚ್ಚು ಅಂಕ ಕೊಟ್ಟಿದ್ದೆ. ಒಟ್ಟು ಲೆಕ್ಕದಲ್ಲಿ ಅವಳು ನಾಲ್ಕನೆಯವಳಾದಳು, ಸಮಾಧಾನಕರ ಬಹುಮಾನವೂ ಇಲ್ಲ. ಆ ಪತ್ರ ಲಿಂಕನ್‌ದಲ್ಲ ಅಂತ ಸಂಘಟಕರಿಗೆ ಹೇಳಿದೆ. "ಇರ್ಲಿ ಸರ್, ಒಳ್ಳೆ ಮಾತು ತಾನೆ" ಅಂದರು. ಇರಲಿ ಅಂತ ನನಗೆ ಅನ್ನಿಸುವುದಿಲ್ಲ. ಅವನು ನಿಜವಾಗಿ ಬರೆದ, ಬರೆದು ಕಳಿಸದೆ ಇಟ್ಟ, ಮಡಚಿ ಅಂಟಿಸಿದ ಕಾಗದಗಳು ಕಣ್ಣೆದುರೇ ಇರುವಾಗ ಸುಳ್ಳು ಕಾಗದ ಯಾಕೆ ಬೇಕು?

ಹೊರಗೆ ಬಂದಾಗ ಆ ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಹೋಗಿ ಮಾತಾಡಿಸಿದೆ. ಬಹುಮಾನದ ಸುದ್ದಿ ಎತ್ತಲಿಲ್ಲ. "ಸರ್, ಆ ಮಡಚಿದ ಹಾಳೆ ಈಗ ಎಲ್ಲಿದೆ?" ಅಂತ ಕೇಳಿದಳು. ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ ಅಂತ ಹೇಳಿ ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದುಕೊಟ್ಟೆ. ಎರಡು ಬೆರಳಲ್ಲಿ ದೊಡ್ಡದು ಮಾಡಿಕೊಂಡು ಸಹಿಗಳನ್ನು ಒಂದೊಂದಾಗಿ ಎಣಿಸಿದಳು. ಏಳು. "ಒಳಗೇನಿದೆ ಅಂತ ಗೊತ್ತಿಲ್ಲದೇನೇ ಹಾಕಿದ್ರಾ ಸರ್?" ಅಂದಳು. ಅಷ್ಟರಲ್ಲಿ ಅವಳ ಬಸ್ ಬಂತು, ಫೋನ್ ನನ್ನ ಕೈಗೆ ಕೊಟ್ಟು ಓಡಿದಳು.