ಪೂಜೆಗಾದರೆ ಮಾತ್ರೆ, ನನ್ನ ನಿದ್ದೆಗಾದರೆ ವಿಷ

ನಮ್ಮ ಬಂಧುಬಳಗದಲ್ಲಿ ಇಷ್ಟೊಂದು ಮಂದಿ ಕ್ಯಾನ್ಸರ್ ತಜ್ಞರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆಂದು ನಾನು ತೋಳಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಜೆಲ್ ಹಚ್ಚಿಕೊಳ್ಳಲು ಶುರುಮಾಡಿದ ಸುದ್ದಿ ಮನೆಯಿಂದ ಮನೆಗೆ ಹಬ್ಬಿದ್ದೇ ತಡ, ಒಬ್ಬೊಬ್ಬರಾಗಿ ಎಲ್ಲರೂ ಹೊರಬಿದ್ದರು. ಓರಗಿತ್ತಿ, ನಾದಿನಿ, ತವರಿನ ಚಿಕ್ಕಮ್ಮ, ಅಷ್ಟೇ ಏಕೆ, ಇಷ್ಟು ವರ್ಷದಲ್ಲಿ ನನ್ನ ಆರೋಗ್ಯವನ್ನು ಒಮ್ಮೆಯೂ ವಿಚಾರಿಸದ ಭಾವನವರು ಕೂಡ ಫೋನು ಮಾಡಿ, "ಹಾರ್ಮೋನು ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದಂತಲ್ಲಮ್ಮ, ಯಾಕೆ ಬೇಕಿತ್ತು?" ಎಂದರು. ಯಾಕೆ ಬೇಕಿತ್ತಂತೆ!

ಯಾಕೆ ಬೇಕಿತ್ತೆಂದು ಹೇಳುತ್ತೇನೆ, ಕೇಳಿ. ನನಗೀಗ ನಲವತ್ತೇಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ರಾತ್ರಿ ಎರಡೂವರೆ ಮೂರಕ್ಕೆ ಎದೆ ಡವಡವ ಎಂದು ಎಚ್ಚರವಾಗುತ್ತಿತ್ತು. ಕುತ್ತಿಗೆಯಿಂದ ನೆತ್ತಿಯವರೆಗೆ ಕೆಂಡ ಸುರಿದಂತಾಗಿ ರವಿಕೆ ಒದ್ದೆ, ದಿಂಬು ಒದ್ದೆ, ಐದೇ ನಿಮಿಷದಲ್ಲಿ ಅದೇ ಬೆವರು ತಣ್ಣಗಾಗಿ ಮೈ ನಡುಕ. ಆಮೇಲೆ ನಿದ್ದೆ ಎಂಬುದು ಬೆಳಗಿನ ಹಾಲಿನವನು ಬರುವವರೆಗೂ ಇಲ್ಲ. ಅದೇ ಕಣ್ಣಿನಲ್ಲಿ ಎದ್ದು ತಿಂಡಿ ಮಾಡಿ, ಡಬ್ಬಿ ಕಟ್ಟಿ, ಒಂಬತ್ತೂವರೆಗೆ ತರಗತಿಯಲ್ಲಿ ನಿಲ್ಲಬೇಕು. ಮುಟ್ಟು ಒಂದು ತಿಂಗಳು ನಾಪತ್ತೆ. ಮುಂದಿನ ತಿಂಗಳು ಬಂದರೆ ಹದಿನೈದು ದಿನ ನಿಲ್ಲುವುದಿಲ್ಲ, ಅದೂ ಮೌಲ್ಯಮಾಪನ ಕೇಂದ್ರದ ಏಪ್ರಿಲ್ ಸೆಕೆಯಲ್ಲಿ, ನೂರಾರು ಜನರಿಗೆ ಎರಡೇ ಶೌಚಾಲಯವಿರುವ ಕಟ್ಟಡದಲ್ಲಿ. ಬಲಭುಜ ಮೇಲೆತ್ತಲು ಬಾರದೆ ಕಪ್ಪು ಹಲಗೆಯ ಕೆಳ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೆ.

ಇವೆಲ್ಲವನ್ನೂ ಸಹಿಸಬಹುದಿತ್ತೇನೋ. ಪ್ರಯೋಗಾಲಯದಲ್ಲಿ ಒಂದು ದಿನ ನೇರಳೆ ದ್ರಾವಣದ ಬಾಟಲಿ ಹಿಡಿದು ನಿಂತಿದ್ದೇನೆ, ಅದರ ಹೆಸರು ಬಾಯಿಗೆ ಬರುತ್ತಿಲ್ಲ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್! ಇಪ್ಪತ್ತು ವರ್ಷದಿಂದ ಪ್ರತಿ ಬ್ಯಾಚಿಗೂ ಹೇಳಿದ ಹೆಸರು. ಬಾಟಲಿಯ ಮೇಲಿನ ಚೀಟಿ ಅಳಿಸಿಹೋಗಿತ್ತು. ಮುಂದಿನ ಸಾಲಿನ ಹುಡುಗಿ ಮೆಲ್ಲಗೆ "ಕೆಎಂಎನ್‌ಒ4, ಮೇಡಂ" ಎಂದಳು. ಮಕ್ಕಳು ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಅಜ್ಜಿಗೆ ಮರೆವು ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಆ ಸಂಜೆ ಬಸ್ಸಿನಲ್ಲಿ ನನ್ನ ತಲೆಯೊಳಗೆ ಏನೇನು ಓಡಿತೆಂದು ಯಾರಾದರೂ ಕೇಳಿದರೇ?

ಇಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ." ಅತ್ತೆಯವರು ಪಿತ್ತ ಏರಿದೆ ಎಂದು ಕೊತ್ತಂಬರಿ ಬೀಜದ ಕಷಾಯ ಕೊಟ್ಟರು, ಪಾಪ, ಅವರೊಬ್ಬರಾದರೂ ಏನೋ ಒಂದು ಕೊಟ್ಟರು. ಉಳಿದವರಿಗೆ ನಾನು ಸಿಡುಕಿ. "ಯಾಕೋ ಈಚೆಗೆ ಬಹಳ ಸಿಡುಕುತ್ತಾಳೆ" ಎಂದು ನನ್ನ ಕಿವಿಗೆ ಬೀಳುವಷ್ಟೇ ಜೋರಾಗಿ ಅಡುಗೆಮನೆಯಲ್ಲಿ ಮಾತು.

ಮನೆಯವರನ್ನು ಬಿಡಿ, ಓದಿದವರ ಕಥೆ ಕೇಳಿ. ಎದೆಬಡಿತಕ್ಕೆಂದು ಹೋದರೆ ಇಸಿಜಿ, ಎಕೋ, ಟ್ರೆಡ್‌ಮಿಲ್, ಕೊನೆಗೆ "ಹೃದಯ ಚೆನ್ನಾಗಿದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ." ಭುಜಕ್ಕೆ ಮೂಳೆ ವೈದ್ಯರು, ನಿದ್ದೆಗೆ ನಿದ್ದೆಮಾತ್ರೆ, ಆಯಾಸಕ್ಕೆ ಬಿ12 ಮತ್ತು ವಿಟಮಿನ್ ಡಿ. ಒಬ್ಬೊಬ್ಬರೂ ನನ್ನ ಒಂದೊಂದು ಅಂಗವನ್ನು ಹಂಚಿಕೊಂಡರೇ ಹೊರತು, ನಲವತ್ತರ ಮಧ್ಯದಲ್ಲಿರುವ ಹೆಂಗಸಿಗೆ ಇವೆಲ್ಲ ಒಟ್ಟಿಗೆ ಯಾಕೆ ಬಂದವು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸೇ ಸುಮಾರು 46-47. ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಹಾರ್ಮೋನುಗಳ ಏರಿಳಿತ ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗುತ್ತದೆ. ಇದೇನು ರಹಸ್ಯವಿದ್ಯೆಯೇ?

ಮೊದಲು ಹೋದ ಸ್ತ್ರೀರೋಗ ತಜ್ಞೆಯಂತೂ ನನ್ನ ಮುಖವನ್ನು ಸರಿಯಾಗಿ ನೋಡದೆ, "ಇನ್ನೂ ಮುಟ್ಟಾಗುತ್ತಿದ್ದೀರಲ್ಲ, ಮೆನೋಪಾಸ್ ಹೇಗಾಗುತ್ತದೆ?" ಎಂದರು. ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನಾದ ಎಫ್‌ಎಸ್‌ಎಚ್ ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ ಬರೆದುಕೊಟ್ಟರು. ವರದಿ ನಾರ್ಮಲ್ ಬಂತು, ಆದ್ದರಿಂದ ನನಗೇನೂ ಆಗಿಲ್ಲ. ಈ ಹಂತದಲ್ಲಿ ಎಫ್‌ಎಸ್‌ಎಚ್ ಒಂದು ವಾರ ಏರಿ ಇನ್ನೊಂದು ವಾರ ಇಳಿಯುತ್ತದೆ. ನಲವತ್ತೈದು ದಾಟಿದವರಲ್ಲಿ ಲಕ್ಷಣ ಕೇಳಿಯೇ ನಿರ್ಧರಿಸಬಹುದು, ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ. ಇದನ್ನು ನಾನು ತಿಳಿದದ್ದು ಆಮೇಲೆ, ದುಡ್ಡು ತೆತ್ತ ಮೇಲೆ. ರಕ್ತಸ್ರಾವ ನಿಲ್ಲುತ್ತಿಲ್ಲ ಎಂದು ಮತ್ತೆ ಹೋದಾಗ ಅವರ ಉತ್ತರ ಸಿದ್ಧವಾಗಿತ್ತು: "ಹೇಗೂ ಎರಡು ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ. ತಲೆನೋವೇ ಇರುವುದಿಲ್ಲ."

ಇಲ್ಲೊಂದು ಮಾತು. ಆ ಶಸ್ತ್ರಚಿಕಿತ್ಸೆಯ ಸಲಹೆ ತಿಳಿದಾಗ ಮನೆಯಲ್ಲಿ ಯಾರೂ ಹೌಹಾರಲಿಲ್ಲ. "ನಮ್ಮ ಕಡೆ ಎಲ್ಲರೂ ಮಾಡಿಸಿಕೊಂಡಿದ್ದಾರೆ" ಎಂದರು ಓರಗಿತ್ತಿ. ಹೊಟ್ಟೆ ಕೊಯ್ಯುವುದಕ್ಕೆ ಇಲ್ಲದ ಭಯ, ತೋಳಿಗೆ ಹಚ್ಚುವ ಜೆಲ್‌ಗೆ.

ಕಡೆಗೆ ಸಹೋದ್ಯೋಗಿಯೊಬ್ಬರು ಹೇಳಿದ ಮತ್ತೊಬ್ಬ ವೈದ್ಯೆಯ ಬಳಿ ಹೋದೆ. ಅವರು ಕೂರಿಸಿ ಕೇಳಿದರು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಯಕೃತ್ತಿನ ತೊಂದರೆ ಇದೆಯೇ, ಎಲ್ಲವನ್ನೂ ಬರೆದುಕೊಂಡರು. ಬಿಪಿ ನೋಡಿದರು, ಮ್ಯಾಮೊಗ್ರಾಂ ಮಾಡಿಸಿದರು, ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪವಿದೆ ಎಂದು ಅಳೆದರು. ಕಾರಣ ತಿಳಿಯದ ರಕ್ತಸ್ರಾವವಿದ್ದರೆ ಅದೇನೆಂದು ನೋಡದೆ ಹಾರ್ಮೋನು ಕೊಡುವಂತಿಲ್ಲ ಎಂದರು. ಆಮೇಲೆ ಈಸ್ಟ್ರೋಜನ್‌ನ ಒಂದು ರೂಪವಾದ ಈಸ್ಟ್ರಡಯೋಲ್ ಜೆಲ್, ಜೊತೆಗೆ ತಿಂಗಳಲ್ಲಿ ಕೆಲವು ರಾತ್ರಿ ನುಂಗಲು ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನ ಗುಳಿಗೆ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಒಳಪದರ ಬೆಳೆಯುತ್ತಾ ಹೋಗಿ ಅಲ್ಲಿ ಕ್ಯಾನ್ಸರ್ ಆಗಬಹುದು, ಅದನ್ನು ತಡೆಯಲು ಈ ಗುಳಿಗೆ. ಜೆಲ್ ಚರ್ಮದ ಮೂಲಕ ನೇರ ರಕ್ತಕ್ಕೆ ಸೇರುವುದರಿಂದ, ನುಂಗುವ ಮಾತ್ರೆಯಲ್ಲಿರುವಂತೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಇಷ್ಟನ್ನೂ ಹೇಳಿದರು. ಉಳಿದವರಿಗೆ ಆ ಅರ್ಧ ಗಂಟೆ ಸಿಗಲಿಲ್ಲವೇ?

ಇನ್ನು ಔಷಧಿ ಅಂಗಡಿ. ಚೀಟಿ ಕೊಟ್ಟೆ. ಕೌಂಟರಿನ ಹುಡುಗ ಅದನ್ನು ಎಲ್ಲರಿಗೂ ಕೇಳಿಸುವಂತೆ ಓದಿ, ಒಳಗಿದ್ದ ಮಾಲೀಕರನ್ನು ಕೂಗಿ, "ಅಣ್ಣಾ, ಈಸ್ಟ್ರೋಜನ್ ಜೆಲ್ ಇದೆಯಾ?" ಎಂದ. ಮಾಲೀಕರು ಹೊರಬಂದು ಚೀಟಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. "ಯಾರಿಗಮ್ಮಾ ಇದು? ನಿಮಗಾ? ಇದನ್ನೆಲ್ಲ ಹಚ್ಚಬಾರದು, ಅಡ್ಡ ಪರಿಣಾಮ ಬಹಳ. ನಮ್ಮಲ್ಲಿ ಇಡುವುದಿಲ್ಲ, ಬೇಕಾದರೆ ಆರ್ಡರ್ ಹಾಕುತ್ತೇನೆ, ಮುಂಗಡ ಕೊಡಿ."

ಹೌದೇ ಸ್ವಾಮಿ? ನಾನು ನಿಂತಿದ್ದ ಆ ಹತ್ತು ನಿಮಿಷದಲ್ಲೇ ನನ್ನ ಪಕ್ಕದ ಹೆಂಗಸು ಚೀಟಿಯೂ ಇಲ್ಲದೆ, "ಡೇಟ್ ಮುಂದೆ ಹೋಗುವ ಮಾತ್ರೆ ಕೊಡಿ, ಮಗಳಿಗೆ, ಗೃಹಪ್ರವೇಶ ಇದೆ" ಎಂದಳು. ನೀವು ಒಂದು ಪ್ರಶ್ನೆ ಕೇಳದೆ ಪಟ್ಟಿ ಕತ್ತರಿಸಿ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಿರಿ. ಅದೇನು ಪೆಪ್ಪರಮಿಂಟೇ? ಅದು ನೊರೆಥಿಸ್ಟೆರಾನ್. ಹಾರ್ಮೋನು! ದಿನಕ್ಕೆ ಮೂರು ಸಲ, ಐದೈದು ಮಿಲಿಗ್ರಾಂ. ಅದರ ಒಂದಂಶ ದೇಹದೊಳಗೆ ಹೋಗಿ ಈಸ್ಟ್ರೋಜನ್ ಆಗಿಯೇ ಮಾರ್ಪಡುತ್ತದೆ, ಅದೂ ಗರ್ಭನಿರೋಧಕ ಗುಳಿಗೆಯಲ್ಲಿರುವಂಥ ಈಸ್ಟ್ರೋಜನ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದೆಯೇ ಎಂದು ಆ ಹುಡುಗಿಯನ್ನು ಯಾರು ಕೇಳಿದರು?

ನನ್ನ ಹೊಟ್ಟೆ ಉರಿಯುವುದು ಇಲ್ಲೇ. ನನಗೆ ಕ್ಯಾನ್ಸರ್ ಬರುತ್ತದೆಂದು ಹಲುಬುತ್ತಿರುವ ಇದೇ ಓರಗಿತ್ತಿ ವರಮಹಾಲಕ್ಷ್ಮಿಗೆ, ಗೌರಿ ಹಬ್ಬಕ್ಕೆ, ತಿರುಪತಿಗೆ, ಧರ್ಮಸ್ಥಳಕ್ಕೆ, ಭಾವನವರ ಅಕ್ಕನ ಮಗನ ಮದುವೆಗೆ ಆ ಮಾತ್ರೆ ನುಂಗಿದವರು. ನನಗೂ ನುಂಗಿಸಿದವರು. ಮದುವೆಯಾದ ಹೊಸದರಲ್ಲಿ ಶ್ರಾವಣದ ಪೂಜೆಗೆ ಎರಡು ದಿನವಿದೆ ಎನ್ನುವಾಗ ಸೆರಗಿನ ಗಂಟಿನಿಂದ ಮಾತ್ರೆ ಬಿಚ್ಚಿ ಕೈಗಿಟ್ಟದ್ದು ನನಗೆ ಇನ್ನೂ ನೆನಪಿದೆ. ಆಗ ಹಾರ್ಮೋನು ಮಂಗಳಕರ. ಮನೆಯವರ ಮಡಿಗೆ, ನೆಂಟರ ಅನುಕೂಲಕ್ಕೆ, ಕ್ಯಾಲೆಂಡರಿನ ತಿಥಿಗೆ ನನ್ನ ಮೈಯನ್ನು ಹಿಂದೆ ಮುಂದೆ ತಳ್ಳಬಹುದು. ನಾನು ರಾತ್ರಿ ಆರು ಗಂಟೆ ಒಂದೇ ಸಮನೆ ಮಲಗಬೇಕೆಂದು ಅದೇ ಜಾತಿಯ ಔಷಧಿಯನ್ನು, ವೈದ್ಯರು ಪರೀಕ್ಷಿಸಿ ಬರೆದುಕೊಟ್ಟದ್ದನ್ನು, ಮುಟ್ಟಿದರೆ ಅದು ವಿಷ, ಪ್ರಕೃತಿವಿರುದ್ಧ, ಹೆಂಗಸು ದಾರಿ ತಪ್ಪಿದಳು!

ಕ್ಯಾನ್ಸರ್ ಭಯ ಎಲ್ಲಿಂದ ಬಂತೆಂದೂ ಹೇಳಿಬಿಡುತ್ತೇನೆ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ನನಗೆ ಕಳಿಸುವ ಯಾರೊಬ್ಬರೂ ಅದರ ಮೂಲವನ್ನು ಓದಿಲ್ಲ. 2002ರ ಜುಲೈನಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಅದರಲ್ಲಿದ್ದದ್ದು 50ರಿಂದ 79 ವರ್ಷದ ಹೆಂಗಸರು, ಸರಾಸರಿ ವಯಸ್ಸು 63. ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಜೊತೆಗೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಎಂಬ ಕೃತಕ ಹಾರ್ಮೋನು, ಎರಡೂ ಮಾತ್ರೆಯ ರೂಪದಲ್ಲಿ. ಕಂಡದ್ದೇನು? ಔಷಧಿ ಇಲ್ಲದವರಲ್ಲಿ ವರ್ಷಕ್ಕೆ ಹತ್ತು ಸಾವಿರ ಹೆಂಗಸರಿಗೆ 30 ಇದ್ದ ಸ್ತನ ಕ್ಯಾನ್ಸರ್, ಔಷಧಿ ತೆಗೆದುಕೊಂಡವರಲ್ಲಿ 38 ಆಯಿತು. ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಪತ್ರಿಕೆಗಳು ಮಾತ್ರ ಶೇಕಡಾವಾರಿನಲ್ಲಿ ಬರೆದವು, ಜಗತ್ತಿನಾದ್ಯಂತ ಹೆಂಗಸರು ಒಂದೇ ಏಟಿಗೆ ಔಷಧಿ ಬಿಟ್ಟರು. ಸೊಂಟದ ಮೂಳೆ ಮುರಿತ ಕಡಿಮೆಯಾದದ್ದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ ಎಂಬುದನ್ನಂತೂ ಕೇಳಲೇಬೇಡಿ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಗಳ ಮೇಲಿನ ಕಪ್ಪು ಚೌಕದ, ಅಂದರೆ ಅತಿ ಗಂಭೀರ ಅಪಾಯ ಸೂಚಿಸುವ, ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಸುವುದಾಗಿ ಪ್ರಕಟಿಸಿತು. ನಮ್ಮ ಓಣಿಯ ಔಷಧಿ ಅಂಗಡಿ ಇನ್ನೂ 2002ರಲ್ಲೇ ಇದೆ.

ಅಪಾಯವೇ ಇಲ್ಲ ಎನ್ನುತ್ತಿಲ್ಲ. ಸ್ತನ ಕ್ಯಾನ್ಸರ್ ಬಂದುಹೋದವರಿಗೆ ಇದು ಸಲ್ಲದು. ನನಗೂ ಮೊದಲ ವಾರಗಳಲ್ಲಿ ಎದೆ ಬಿಗಿದು ನೋಯುತ್ತಿತ್ತು, ನಡುನಡುವೆ ರಕ್ತದ ಕಲೆ ಕಾಣುತ್ತಿತ್ತು. ಭುಜ ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೆ ಬೆಂಕಿ ಆರಿದೆ. ಪ್ರೊಜೆಸ್ಟೆರಾನ್ ನುಂಗಿದ ರಾತ್ರಿಯಂತೂ ಕಣ್ಣು ತಾನೇ ಎಳೆಯುತ್ತದೆ. ಜೆಲ್‌ನದೊಂದೇ ರಗಳೆ: ಅದರಲ್ಲಿ ಆಲ್ಕೋಹಾಲ್ ಇರುವುದರಿಂದ, ಹಚ್ಚಿದ ಮೇಲೆ ತೋಳು ಒಣಗುವ ತನಕ ನಾನು ಬೆಂಕಿಯ ಹತ್ತಿರ ಹೋಗುವುದಿಲ್ಲ. ಬೆಳಗಿನ ದೇವರ ದೀಪ ಐದು ನಿಮಿಷ ತಡ. ಅದಕ್ಕೂ ಅತ್ತೆಯವರ ಗೊಣಗಾಟ ನಡೆದಿದೆ.

ನನಗೆ ಸಂಬಳವಿದೆ, ಬಾಯಿಯಿದೆ, ಇಂಗ್ಲಿಷ್ ಓದಲು ಬರುತ್ತದೆ, ಹಾಗಾಗಿ ಜಗಳವಾಡಿ ಪಡೆದೆ. ನಮ್ಮ ಕಾಲೇಜಿನ ಆಯಾ ಇದ್ದಾಳೆ, ನನಗಿಂತ ಚಿಕ್ಕವಳು. ಬಿಳಿ ಸೆರಗು ಹೋಗುತ್ತದೆಂದು ಮೂವತ್ತಾರನೆಯ ವಯಸ್ಸಿನಲ್ಲಿ ಅವಳ ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದು ಕಳಿಸಿದರು. ಅಂಡಾಶಯ ತೆಗೆದ ದಿನದಿಂದಲೇ ಋತುಬಂಧ, ನಿಧಾನಕ್ಕೆ ಅಲ್ಲ, ಒಂದೇ ಏಟಿಗೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಹಾಗಾದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಕೇಡು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ವಯಸ್ಸು ಬರುವವರೆಗಾದರೂ ಈಸ್ಟ್ರೋಜನ್ ಕೊಡಬೇಕು ಎಂಬುದರಲ್ಲಿ ತಜ್ಞರಿಗೆ ಭಿನ್ನಮತವೇ ಇಲ್ಲ. ಅವಳಿಗೆ ಕೊಟ್ಟದ್ದು ಕ್ಯಾಲ್ಸಿಯಂ ಮಾತ್ರೆ. ಕಲಬುರಗಿಯ ತಾಂಡಾಗಳಲ್ಲಿ ಬಡ ಹೆಂಗಸರ ಗರ್ಭಕೋಶಗಳನ್ನು ಸುಖಾಸುಮ್ಮನೆ ತೆಗೆದ ಪ್ರಕರಣ ಹೊರಬಿದ್ದು ಹತ್ತು ವರ್ಷದ ಮೇಲಾಯಿತು. 2023ರಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿತು. ತೆಗೆಸಿಕೊಂಡು ಮನೆಗೆ ಬಂದವರನ್ನು ಆಮೇಲೆ ಯಾರು ನೋಡುತ್ತಾರೆ?

ಅವಳೂ ನೆಲ ಒರೆಸುತ್ತಾ ಒರೆಸುತ್ತಾ ಕಿಟಕಿಯ ಬಳಿ ನಿಂತು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುವುದನ್ನು ನೋಡಿದ್ದೇನೆ. ಶನಿವಾರ ನನ್ನ ವೈದ್ಯೆಯ ಬಳಿ ಕರೆದೊಯ್ಯುತ್ತೇನೆ, ಫೀಸು ನನ್ನದು, ಬಾ ಎಂದಿದ್ದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದವಳು ಇವತ್ತು ಬಂದು ಗಂಡ ಹೇಳಿದ್ದನ್ನು ಒಪ್ಪಿಸಿದಳು: "ಇರುವುದನ್ನೆಲ್ಲ ತೆಗೆಸಿ ಆಯಿತಲ್ಲ, ಇನ್ನು ಹೆಂಗಸರ ಡಾಕ್ಟರಿಗೆ ತೋರಿಸಲು ನಿನ್ನಲ್ಲಿ ಏನಿದೆ?"