"ಅಮ್ಮ, ನಾನ್ ಎತ್ತಲ್ಲ, ನೀವೇ ಏಳಿ"

ಕಳೆದ ವರ್ಷ ಜೂನ್ ಮಳೆಯಲ್ಲಿ ಅಮ್ಮ ಬಿದ್ದರು. ಕೊಡಗಿನ ಮಾದಾಪುರದ ಹತ್ತಿರ ನಮ್ಮ ಮನೆ. ಬಚ್ಚಲಿಗೆ ಇಳಿಯುವ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ನಾನು ಇಂಗ್ಲೆಂಡಿನ ಲೆಸ್ಟರಿನಿಂದ ಓಡಿ ಬಂದೆ.

ಮನೆಗೆ ಕರ್ಕೊಂಡು ಬಂದ ಮೇಲೆ ನಾವೆಲ್ಲ ಮಾಡಿದ್ದೇನು ಗೊತ್ತಾ? ಅಮ್ಮನನ್ನು ಮಲಗಿಸಿದೆವು. ನೀರು ಕೈಗೇ ಕೊಟ್ಟೆವು, ತಟ್ಟೆ ಹಾಸಿಗೆಗೇ ತಂದೆವು. ಏಳಬೇಕೆಂದರೆ ಇಬ್ಬರು ಎರಡು ಕಡೆಯಿಂದ ಕಂಕುಳಿಗೆ ಕೈ ಹಾಕಿ ಎತ್ತಿದೆವು. ನೋಡಲು ಬಂದವರೆಲ್ಲ "ಸುಮ್ನೆ ಮಲಗಿರಿ ಅಕ್ಕ, ಯಾಕೆ ಕಷ್ಟಪಡ್ತೀರಿ" ಅಂತಲೇ ಹೇಳಿದರು. ಎಲ್ಲ ಪ್ರೀತಿಯಿಂದಲೇ. ಹತ್ತು ದಿನದಲ್ಲಿ ಅಮ್ಮನ ತೊಡೆ ಸೊರಗಿತ್ತು. ವಯಸ್ಸಾದವರು ಮಲಗಿದಲ್ಲೇ ಇದ್ದರೆ ಸ್ನಾಯು ಎಷ್ಟು ಬೇಗ ಕರಗುತ್ತದೆ ಅಂತ ಕಣ್ಣಾರೆ ಕಂಡೆ.

ಆಗ ನೆನಪಾಗಿದ್ದು ಲೆಸ್ಟರಿನ ನಮ್ಮ ಪಕ್ಕದ ಮನೆಯ ಅಜ್ಜ. ಅವರಿಗೂ ಇದೇ ಮೂಳೆ ಮುರಿದಿತ್ತು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ, ಅಗತ್ಯ ಇದ್ದರೆ, ಹೆಚ್ಚೆಂದರೆ 6 ವಾರ ಉಚಿತವಾಗಿ ಮನೆಗೇ ಬಂದು ನೆರವಾಗುವ ಏರ್ಪಾಡಿದೆ. ಒಬ್ಬ ಹುಡುಗಿ ಬೆಳಗ್ಗೆ ಬರುತ್ತಿದ್ದಳು. ಅಜ್ಜ ಕಾಲುಚೀಲ ಹಾಕಲು ಹೆಣಗುತ್ತಿದ್ದರೆ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಎಂಥಾ ಕಲ್ಲುಮನಸ್ಸು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವಳ ಕೆಲಸವೇ ಅದು. ಅಜ್ಜ ಮತ್ತೆ ತಾನೇ ಮಾಡಿಕೊಳ್ಳುವ ಹಾಗೆ ಆಗಬೇಕು. ಆಗದ್ದಕ್ಕೆ ಮಾತ್ರ ಅವಳು ಕೈ ಕೊಡಬೇಕು.

ಅಲ್ಲಿಯದೆಲ್ಲ ಚೆನ್ನ ಅಂತ ನಾನು ಹೇಳುವುದಿಲ್ಲ. ಅವಳು ಗಡಿಯಾರ ನೋಡಿಕೊಂಡು ಹೊರಟುಬಿಡುತ್ತಿದ್ದಳು. 6 ವಾರ ಆದ ಮೇಲೆ ನಿಮ್ಮ ಹತ್ತಿರ ಹಣ ಎಷ್ಟಿದೆ ಅಂತ ಲೆಕ್ಕ ಕೇಳುತ್ತಾರೆ. ಮಧ್ಯಾಹ್ನವೆಲ್ಲ ಅಜ್ಜ ಕಿಟಕಿಯ ಬಳಿ ಒಬ್ಬರೇ ಕೂತಿರುತ್ತಿದ್ದರು. ನಮ್ಮೂರಲ್ಲಿ ಹಾಗಿಲ್ಲ, ಮನೆ ತುಂಬ ಜನ. ಆದರೆ ಆ ಜನಕ್ಕೆ ಯಾರೂ ಏನೂ ಕಲಿಸಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಅಮ್ಮನನ್ನು ನೋಡಿಕೊಳ್ಳಲು ಸಂಬಳಕ್ಕೆ ಬಂದ ಅಕ್ಕ ಮೊದಲು ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದವರು. ಫಿಸಿಯೋಥೆರಪಿ ಡಾಕ್ಟರು ಕುಶಾಲನಗರದಿಂದ ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ ಬರುತ್ತಿದ್ದರು. ಜೋರು ಮಳೆಯಾದರೆ ಅದೂ ಇಲ್ಲ. ಉಳಿದ ಹೊತ್ತೆಲ್ಲ ಅಮ್ಮನ ಕಾಲು ಇದ್ದದ್ದು ಅಕ್ಕನ ಕೈಯಲ್ಲಿ. ಮೊದಲ ದಿನವೇ ಅವರು ಡಾಕ್ಟರನ್ನು ಕೇಳಿದರು, "ನಾನ್ ಎಲ್ಲಿ ನಿಲ್ಬೇಕು ಸಾರ್?" ನಮಗ್ಯಾರಿಗೂ ಹೊಳೆಯದ ಪ್ರಶ್ನೆ ಅದು.

ಡಾಕ್ಟರು ತೋರಿಸಿಕೊಟ್ಟರು: ಆಪರೇಷನ್ ಆದ ಕಾಲಿನ ಪಕ್ಕ, ಅರ್ಧ ಹೆಜ್ಜೆ ಹಿಂದೆ. ಅಮ್ಮ ಕುರ್ಚಿಯ ಅಂಚಿಗೆ ಸರಿಯಬೇಕು. ಪಾದ ಹಿಂದಕ್ಕೆ ಎಳೆದುಕೊಳ್ಳಬೇಕು. ಕೈ ಕುರ್ಚಿಯ ಮೇಲೆ ಊರಬೇಕು, ವಾಕರ್ ಹಿಡಿದು ಎಳೆಯಬಾರದು, ಅದು ಮಗುಚುತ್ತದೆ. ಆಮೇಲೆ ಮುಂದಕ್ಕೆ ಬಾಗಿ ಏಳಬೇಕು. ಅಕ್ಕನ ಕೈ ಅಮ್ಮನ ಸೊಂಟಕ್ಕೆ ಕಟ್ಟಿದ ಅಗಲ ಬೆಲ್ಟಿನ ಮೇಲೆ ಇರುತ್ತಿತ್ತು, ಆದರೆ ಎತ್ತುತ್ತಿರಲಿಲ್ಲ. "ಅಮ್ಮ, ನಾನ್ ಎತ್ತಲ್ಲ, ನೀವೇ ಏಳಿ. ನಾನಿದ್ದೀನಿ." ಅಮ್ಮನಿಗೆ ಸಿಟ್ಟು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಮೂರನೇ ಸಲಕ್ಕೆ ಏಳುತ್ತಿದ್ದರು. ನಡೆಯುವಾಗ ಮೊದಲು ವಾಕರ್, ಆಮೇಲೆ ನೋವಿನ ಕಾಲು, ಆಮೇಲೆ ಗಟ್ಟಿ ಕಾಲು.

ದಿನವಿಡೀ ಜೊತೆಗಿದ್ದವರಿಗೆ ಮಾತ್ರ ಕಾಣುವುದೂ ಕೆಲವಿದೆ. ಬಿಸಿನೀರು ಸ್ನಾನ ಆದ ಮೇಲೆ ಅಮ್ಮನ ಕಾಲು ಸಡಿಲ ಇರುತ್ತದೆ ಅಂತ ಕಂಡುಕೊಂಡದ್ದು ಅಕ್ಕನೇ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕೊಡಬಹುದಾ ಅಂತ ಕೇಳಿ, ಹಾಗೇ ಮಾಡಿದರು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ಫೋನ್ ಮಾಡಬೇಕು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಂತ ಡಾಕ್ಟರು ಹೇಳಿದ್ದರು. ಅಕ್ಕ ದಿನಾ ರಾತ್ರಿ ಎರಡೂ ಕಾಲು ಮುಟ್ಟಿ ನೋಡುತ್ತಿದ್ದರು.

"ಹತ್ತು ಸಲ ಎದ್ದು ಕೂರಿ" ಅಂದರೆ ಅಮ್ಮ ಕೇಳುವವರಲ್ಲ. ಕೊಡಗಿನಲ್ಲಿ ಮಳೆಗಾಲದ ನಡುವೆ ಮದ್ದು ಸೊಪ್ಪಿನ ಅಡುಗೆ ಮಾಡಿ ತಿನ್ನುವ ದಿನ ಕಕ್ಕಡ 18. ಅವತ್ತು ಅಕ್ಕ ಒಲೆಯ ಮುಂದೆ ಒಂದು ಕುರ್ಚಿ ಇಟ್ಟು, "ಮದ್ದು ಸೊಪ್ಪಿನ ಪಾಯಸ ನೀವೇ ತಿರುಗಿಸ್ಬೇಕು, ನನಗೆ ಹದ ಗೊತ್ತಾಗಲ್ಲ" ಅಂದರು. ನಾನು ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದೆ. ಅಮ್ಮ ಒಂದು ಕೈ ಕಟ್ಟೆಗೆ ಊರಿ, ಆ ನೇರಳೆ ಪಾಯಸವನ್ನು ಸೌಟಿನಲ್ಲಿ ತಿರುಗಿಸುತ್ತಾ ನಿಂತೇ ಇದ್ದರು. ಭಾರ ಆ ಕಾಲಿಗೊಮ್ಮೆ, ಈ ಕಾಲಿಗೊಮ್ಮೆ. ಡಾಕ್ಟರು ಹೇಳಿದ್ದ ವ್ಯಾಯಾಮವೇ ಅದು! ಅವತ್ತು ನಾನು ಅತ್ತುಬಿಟ್ಟೆ.

ಇಂಥ ಕೆಲಸಕ್ಕೆ ನಾವು ಕೊಡುವ ಹೆಸರು "ನೋಡ್ಕೊಳ್ಳೋಕೆ ಒಬ್ಳು". ಸಂಬಳವೂ ಅಷ್ಟಕ್ಕಷ್ಟೆ. ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಓದಿ ಮಾಡಿಸಬೇಕಾದ ಅಕ್ಕನಿಗೆ ಬರುವುದು ಕನ್ನಡ. ಹಾಗಾದರೆ ಆ ಹಾಳೆ ಯಾರಿಗೆ? ಮಡಿಕೇರಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಡಿಸ್ಚಾರ್ಜ್ ಮಾಡುವ ಮೊದಲು, ಮನೆಯಲ್ಲಿ ನೋಡಿಕೊಳ್ಳುವವರನ್ನು ಕರೆಸಿ ಅರ್ಧ ದಿನ ಕಲಿಸುವುದು ಎಲ್ಲ ಆಸ್ಪತ್ರೆಗಳಿಗೂ ಆಗದ ಕೆಲಸವೇನಲ್ಲ. ನಮ್ಮಂಥ ಹೊರಗಿನ ಮಕ್ಕಳು ದುಡ್ಡು ಕಳಿಸಿ ಕೈ ತೊಳೆದುಕೊಳ್ಳಬಾರದು. ಡಾಕ್ಟರು ಬರುವ ಹೊತ್ತಿಗೆ ಫೋನಿನಲ್ಲಾದರೂ ಕೂತು, ನೋಡಿಕೊಳ್ಳುವವರ ಪ್ರಶ್ನೆಗೂ ಉತ್ತರ ಸಿಗುವ ಹಾಗೆ ಮಾಡಬೇಕು. ನಾವು ಅಕ್ಕನ ಸಂಬಳ ಜಾಸ್ತಿ ಮಾಡಿದೆವು, ವಾರಕ್ಕೊಂದು ದಿನ ರಜೆ ಕೊಟ್ಟೆವು. ಮೊದಲೇ ಮಾಡಬೇಕಿತ್ತು.

ನಮ್ಮ ಮನೆಗಳೂ ಸ್ವಲ್ಪ ಬದಲಾಗಬೇಕು. ಎತ್ತರದ ಹೊಸ್ತಿಲು, ಮಳೆಗಾಲದಲ್ಲಿ ಬೆವರುವ ರೆಡ್ ಆಕ್ಸೈಡ್ ನೆಲ, ಬಚ್ಚಲಲ್ಲಿ ಕೂರಲು ಗಿಡ್ಡ ಮಣೆ. ಸೊಂಟದ ಆಪರೇಷನ್ ಆದ ಅಮ್ಮ ಅಷ್ಟು ತಗ್ಗಿಗೆ ಕೂರುವಂತಿರಲಿಲ್ಲ. ಮಣೆ ಅಟ್ಟ ಸೇರಿತು, ಗಟ್ಟಿ ಕುರ್ಚಿ ಬಂತು, ಗೋಡೆಗೆ ಹಿಡಿ ಬಂತು.

ಡಿಸೆಂಬರಿನಲ್ಲಿ ಅಮ್ಮ ಕೋಲೂರಿಕೊಂಡು ಕಣದವರೆಗೆ ಹೋಗಿ, ಒಣಗಲು ಹಾಕಿದ ಕಾಫಿಯನ್ನು ಕೈಯಲ್ಲಿ ಹಿಡಿದು ನೋಡಿ ಬಂದರು. ಆ ಇಂಗ್ಲಿಷ್ ಹಾಳೆಯನ್ನು ನಾನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಮೊನ್ನೆ ಪಕ್ಕದ ತೋಟದವರು ಅದರ ಫೋಟೋ ತೆಗೆದುಕೊಂಡರಂತೆ, ಅವರ ಮನೆಯ ಅಜ್ಜನಿಗೆ ಮಂಡಿ ಆಪರೇಷನ್ ಆಗಿದೆ. ಅಕ್ಕ ಅವರಿಗೆ ಹೇಳಿದರಂತೆ: "ಮಂಡಿಯ ವ್ಯಾಯಾಮ ಬೇರೆ ಇರುತ್ತೆ, ನಿಮ್ಮ ಡಾಕ್ಟರನ್ನೇ ಕೇಳಿ. ಮೊದಲು ಬಾಗಿಲಲ್ಲಿ ಕಾಲೊರೆಸೋಕೆ ಹಾಕಿದ ಗೋಣಿಚೀಲ ತೆಗೀರಿ, ವಾಕರ್ ಅದಕ್ಕೇ ಸಿಕ್ಕಿಕೊಳ್ಳೋದು."